ಕಲ್ಲಿನ ಕಾಠಿಣ್ಯ, ನೀರಿನ ಗಡಸು

ಬಯಲುಸೀಮೆಯ ಊರಿನಲ್ಲಿ ಹೊಸದಾಗಿ ಕೊಳವೆಬಾವಿ ಕೊರೆಸಿದರೆ ಆ ನೀರಿನ ಗುಣವನ್ನು ಮೊಟ್ಟಮೊದಲು ನಿರ್ಣಯಿಸುವವರು ಅಡುಗೆಮನೆಯ ಹೆಣ್ಣುಮಕ್ಕಳು. ತೊಗರಿಬೇಳೆ ಹೊತ್ತಿಗೆ ಬೆಂದೀತೆ, ಸೋಪು ನೊರೆ ಬಿಟ್ಟೀತೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತೊಡನೆ ನೀರು ಮೆದುವೋ ಗಡಸೋ ಎಂಬ ತೀರ್ಪು ಹೊರಬೀಳುತ್ತದೆ. ಆ ತೀರ್ಪು ಬಹುಮಟ್ಟಿಗೆ ಸರಿಯಾದುದೇ. ಗಡಸು ಎಂಬ ಪದಕ್ಕೆ ನಾವು ಕ್ರಮೇಣ ಅಂಟಿಸಿಕೊಂಡಿರುವ ಭಯ ಮಾತ್ರ ವಿಚಾರಾರ್ಹವಾದುದು.

ಗಡಸೆಂಬ ಮಾತು ಕಲ್ಲಿಗೂ ಸಲ್ಲುತ್ತದೆ: ಖನಿಜಶಾಸ್ತ್ರದಲ್ಲಿ ಕಾಠಿಣ್ಯವೆಂದರೆ ಗೀರನ್ನು ತಡೆಯುವ ಶಕ್ತಿ. ಜರ್ಮನಿಯ ಫ್ರೀಡ್ರಿಕ್ ಮೋಹ್ಸ್ 1812ರಲ್ಲಿ ಹತ್ತು ಖನಿಜಗಳನ್ನು, ಮೇಲಿನದು ಕೆಳಗಿನದನ್ನು ಗೀರಬಲ್ಲುದೆಂಬ ಒಂದೇ ನಿಯಮದಿಂದ ಅನುಕ್ರಮವಾಗಿ ಜೋಡಿಸಿ, ಉಗುರಿಗೂ ಸೋಲುವ ಟಾಲ್ಕಿಗೆ 1, ವಜ್ರಕ್ಕೆ 10 ಎಂದು ಅಂಕಿಗಳನ್ನಿತ್ತನು. ಇವು ಕೇವಲ ಸ್ಥಾನಸೂಚಕಗಳು. 9ರ ಕುರುಂದಕ್ಕೂ 10ರ ವಜ್ರಕ್ಕೂ ಇರುವ ಅಂತರ ಕೆಳಗಿನ ಮೆಟ್ಟಿಲುಗಳ ಅಂತರಕ್ಕಿಂತ ಎಷ್ಟೋ ಪಾಲು ದೊಡ್ಡದು. ಗೀರಿಗೆ ಮಣಿಯದ ಆ ವಜ್ರವೇ ಸುತ್ತಿಗೆಯ ಪೆಟ್ಟಿಗೆ ಸೀಳಿಹೋಗುವುದರಿಂದ, ಕಾಠಿಣ್ಯವು ಸರ್ವತೋಮುಖವಾದ ಬಲವಲ್ಲವೆಂಬುದೂ ಸ್ಪಷ್ಟ. ಶ್ರವಣಬೆಳಗೊಳದ ಗೊಮ್ಮಟನನ್ನು 10ನೆಯ ಶತಮಾನದಲ್ಲಿ ಕಡೆದದ್ದು 7ರ ಬೆಣಚೂ 6ರ ಫೆಲ್ಡ್‌ಸ್ಪಾರೂ ಬೆರೆತ ಗ್ರಾನೈಟಿನಲ್ಲಿ. 1117ರ ಬೇಲೂರಿನ ಗುಡಿಯನ್ನು ಕಟ್ಟಿದ್ದು ಉಳಿಗೆ ಸುಲಭವಾಗಿ ಒಲಿಯುವ ಬಳಪದ ಕಲ್ಲಿನಲ್ಲಿ. ಗೊಮ್ಮಟನ ವಿರಾಟ್ ಸರಳತೆ ಒಂದು ಶಿಲೆಗೆ ಸಹಜವಾದರೆ, ಬೇಲೂರಿನ ಮದನಿಕೆಯರ ಬೆರಳುಂಗುರದವರೆಗೆ ಇಳಿಯುವ ಸೂಕ್ಷ್ಮತೆ ಇನ್ನೊಂದಕ್ಕೆ ಸಹಜ. ಇವುಗಳಲ್ಲಿ ಯಾವುದನ್ನು ಹೀನವೆನ್ನೋಣ?

ನೀರಿನ ಗಡಸುತನವಾದರೋ ಸೋಪಿನೆದುರಿಗೆ ಪ್ರಕಟವಾಗತಕ್ಕದ್ದು. ಮಳೆಯ ನೀರು ನೆಲದೊಳಗೆ ಇಳಿಯುತ್ತ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಸೋಪು ನೊರೆಯಾಗುವುದಕ್ಕೆ ಮುನ್ನ ಇವುಗಳೊಡನೆ ಕೂಡಿ ಕರಗದ ಗಸಿಯಾಗುತ್ತದೆ. ಬೇಳೆಯ ಕೋಶಗಳನ್ನು ಬೆಸೆದಿರುವ ಪೆಕ್ಟಿನ್ ಎಂಬ ಪದಾರ್ಥವನ್ನು ಅದೇ ಕ್ಯಾಲ್ಸಿಯಂ ಬಿಗಿಗೊಳಿಸುವುದರಿಂದ ಬೇಳೆಯೂ ಬೇಗ ಬೇಯದು. ಬೈಕಾರ್ಬೊನೇಟಿನಿಂದ ಬಂದ ಗಡಸು ಕುದಿಸಿದರೆ ಹೋಗುವುದು. ಸಲ್ಫೇಟು ಕ್ಲೋರೈಡುಗಳಿಂದ ಬಂದದ್ದು ಹೋಗದು. ಬಚ್ಚಲ ಹಂಡೆಯ ತಳದಲ್ಲಿ ಬಿಳಿಯ ಪದರವಾಗಿ ಕಟ್ಟುವ ಕ್ಯಾಲ್ಸಿಯಂ ಕಾರ್ಬೊನೇಟು ನೆಲದಲ್ಲಿ ಸ್ಫಟಿಕವಾಗಿ ದೊರೆತಾಗ ಕ್ಯಾಲ್ಸೈಟ್ ಎನಿಸಿ ಮೋಹ್ಸನ ಪಟ್ಟಿಯಲ್ಲಿ 3ನೆಯ ಸ್ಥಾನವನ್ನು ಪಡೆಯುತ್ತದೆ. ನೀರಿಗೆ ಗಡಸೆಂಬ ಹೆಸರನ್ನು ತಂದ ವಸ್ತು ಕಲ್ಲುಗಳ ನಡುವೆ ಮೆದುವಾದುದೇ ಸರಿ!

ಹೀಗಿರುವಲ್ಲಿ, ಗಡಸು ನೀರೆಂದೊಡನೆ ವಿಷವೆಂದು ಬೆದರಿ, ಒಮ್ಮೆಯೂ ಪರೀಕ್ಷೆ ಮಾಡಿಸದೆ, ಕುಡಿಯಲು ಕೊಡುವಷ್ಟೋ ಅದಕ್ಕಿಂತ ಹೆಚ್ಚೋ ನೀರನ್ನು ಚರಂಡಿಗೆ ಚೆಲ್ಲುವ ಶುದ್ಧೀಕರಣ ಯಂತ್ರವನ್ನು ಮನೆಮನೆಗೂ ತರುವುದು ಉಚಿತವಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಭಾರತೀಯ ಮಾನಕವು ಲೀಟರಿಗೆ 200 ಮಿಲಿಗ್ರಾಮ್ ಗಡಸನ್ನು ಸ್ವೀಕಾರಾರ್ಹವೆಂದೂ, ಬೇರೆ ಜಲಮೂಲವಿಲ್ಲದಲ್ಲಿ 600ರವರೆಗೆ ಸಹ್ಯವೆಂದೂ ಹೇಳುತ್ತದೆ; ವಿಶ್ವ ಆರೋಗ್ಯ ಸಂಸ್ಥೆಯು ಗಡಸುತನಕ್ಕೆ ಆರೋಗ್ಯದ ದೃಷ್ಟಿಯಿಂದ ಮಿತಿಯನ್ನೇ ವಿಧಿಸಿಲ್ಲ.

ನಿಜವಾಗಿ ಭಯಪಡಬೇಕಾದುದು ಫ್ಲೋರೈಡಿಗೆ. ಅದು ನೊರೆಯನ್ನು ತಡೆಯದು, ನಾಲಗೆಗೆ ತಿಳಿಯದು, ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿ ವರ್ಷಗಟ್ಟಲೆ ದೇಹ ಸೇರಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ, ಪ್ರಮಾಣ ಇನ್ನೂ ಹೆಚ್ಚಿದರೆ ಮೂಳೆಗಳೇ ಕೆಡುತ್ತವೆ. ಪಾವಗಡದ ಸೀಮೆಯವರು ಈ ಸಂಕಟವನ್ನು ಬಲ್ಲರು. ಕ್ಯಾಲ್ಸಿಯಂ ಹೆಚ್ಚಿರುವೆಡೆ ಫ್ಲೋರೈಡು ಅದರೊಡನೆ ಸೇರಿ ಗಟ್ಟಿಯಾಗಿ ಹೊರಬೀಳುವುದರಿಂದ, ಕ್ಯಾಲ್ಸಿಯಂ ಕಡಮೆಯಾದ ಮೆದು ನೀರಿನಲ್ಲಿಯೇ ಅದು ಕರಗಿ ಉಳಿಯುವ ಅವಕಾಶ ಅಧಿಕ. ಬೇಳೆ ಚೆನ್ನಾಗಿ ಬೆಂದಿತೆಂದು ನಂಬಿದ ನೀರೇ ಮೂಳೆಯನ್ನು ಕೆಡಿಸುವಂತಹುದಾಗಿರಬಹುದು.

ಆದುದರಿಂದ ಓದುಗರಲ್ಲಿ ನನ್ನ ಬಿನ್ನಹವಿಷ್ಟು: ಯಂತ್ರದ ಅಂಗಡಿಗೆ ಹೋಗುವ ಮುನ್ನ ಒಂದು ಬಾಟಲಿ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು, ಗಡಸೆಷ್ಟು, ಫ್ಲೋರೈಡೆಷ್ಟು ಎಂಬೆರಡು ಅಂಕಿಗಳನ್ನು ಕೇಳಿ ಪಡೆಯಿರಿ. ಗ್ರಾಮ ಪಂಚಾಯತಿಗಳು ಆ ಎರಡು ಅಂಕಿಗಳನ್ನು ಊರಿನ ನೀರಿನ ತೊಟ್ಟಿಯ ಮೇಲೆಯೇ ಎಲ್ಲರಿಗೂ ಕಾಣುವಂತೆ ಬರೆಯಿಸಲಿ.