ಏರುದಾರಿಯ ಆರೋಗ್ಯ

ಭಾಗಮಂಡಲದ ತ್ರಿವೇಣಿ ಸಂಗಮದಲ್ಲಿ ಮಿಂದು, ಭಗಂಡೇಶ್ವರನಿಗೆ ಕೈಮುಗಿದು, ಅಲ್ಲಿಂದ ಎಂಟು ಕಿಲೋಮೀಟರ್ ದೂರದ ತಲಕಾವೇರಿಯನ್ನು ಕಾಲ್ನಡಿಗೆಯಿಂದಲೇ ಸೇರುವ ಭಕ್ತರು ತುಲಾ ಸಂಕ್ರಮಣದ ದಿನಗಳಲ್ಲಿ ಇಂದಿಗೂ ಕಾಣಸಿಗುತ್ತಾರೆ. ವೃದ್ಧರೂ ರೋಗಿಗಳೂ ಶಿಶುಗಳನ್ನೆತ್ತಿಕೊಂಡ ತಾಯಂದಿರೂ ವಾಹನವನ್ನೇರುವುದು ಸರ್ವಥಾ ಯುಕ್ತ. ಆದರೆ ದೇಹದಲ್ಲಿ ಕಸುವಿರುವ ತರುಣರೂ ಆ ಏರನ್ನು ಜೀಪಿನಲ್ಲೇ ಕಳೆಯುವುದನ್ನು ನೋಡಿದಾಗ, ಮಲೆನಾಡಿನವರಾದ ನಾವು ಮಲೆಯನ್ನೇ ಮರೆಯುತ್ತಿದ್ದೇವೆಂಬ ವ್ಯಥೆ ನನಗಾಗುತ್ತದೆ.

ವರ್ಷಕ್ಕೊಮ್ಮೆ ನಡೆಯುವ ಯಾತ್ರೆಗಿಂತಲೂ ಉಳಿದ ದಿನಗಳ ನಡೆಯೇ ನನ್ನ ಮುಖ್ಯ ಚಿಂತೆ. ಇಳಿಜಾರಿನ ಮೇಲೆ ಮನೆ, ಕೆಳಗೆ ಕಣಿವೆಯಲ್ಲಿ ಗದ್ದೆ, ಅದರಾಚೆಯ ಗುಡ್ಡದಲ್ಲಿ ಕಾಫಿ, ಏಲಕ್ಕಿ, ಹೀಗಿದ್ದ ಸಂಸಾರದಲ್ಲಿ ವ್ಯಾಯಾಮವೆಂಬ ಪ್ರತ್ಯೇಕ ಕರ್ಮವೇ ಅನಾವಶ್ಯಕವಾಗಿತ್ತು. ಹಗಲೆಲ್ಲ ಹತ್ತಿ ಇಳಿದವನಿಗೆ ಕಡಂಬುಟ್ಟು, ಅಕ್ಕಿರೊಟ್ಟಿ, ಪಂದಿಕರಿ ಯಾವುದೂ ಭಾರವಾಗುತ್ತಿರಲಿಲ್ಲ. ಈಗ ಸ್ಕೂಟರು ಅಂಗಳದವರೆಗೆ ಬರುತ್ತದೆ, ತಟ್ಟೆ ಮಾತ್ರ ಅಂದಿನಷ್ಟೇ ತುಂಬುತ್ತದೆ. ಆಹಾರವನ್ನು ನಾನು ದೂಷಿಸೆನು. ದುಡಿಮೆ ತಗ್ಗಿದಾಗ ಒಂದೆರಡು ಕಡುಬನ್ನು ತಗ್ಗಿಸಿ, ನಮ್ಮ ಮಳೆಗಾಲದ ಕೆಸುವಿನ ಸೊಪ್ಪು, ಕಣಿಲೆಗಳನ್ನು ಹೆಚ್ಚಿಸಿಕೊಳ್ಳುವುದೂ, ದಿನದ ಒಟ್ಟು ಉಪ್ಪನ್ನು ಐದು ಗ್ರಾಮಿನೊಳಗೆ ಇರಿಸುವುದೂ ವಿವೇಕವೆನ್ನುತ್ತೇನೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಭಾರತದಲ್ಲಿ ಹತ್ತು ಕೋಟಿಗೂ ಮಿಕ್ಕಿ ಮಧುಮೇಹಿಗಳಿರುವರೆಂದು ಅಂದಾಜು ಮಾಡಿರುವಾಗ, ಮಧುಮೇಹವನ್ನು ಪಟ್ಟಣಿಗರ ವ್ಯಾಧಿಯೆಂದು ಹಳ್ಳಿಗರು ಉಪೇಕ್ಷಿಸಲಾಗದು.

ಹತ್ತಿ ಇಳಿಯುವುದರ ಮಹತ್ವವನ್ನು ವೈದ್ಯಶಾಸ್ತ್ರ ಮನಗಂಡದ್ದು ಒಂದು ಸಾಮಾನ್ಯ ವೃತ್ತಿಯ ಪರಿಶೀಲನೆಯಿಂದ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಕುಳಿತೇ ಇರುವ ಚಾಲಕರನ್ನೂ, ಟಿಕೆಟ್ ಕೊಡಲೆಂದು ಮೆಟ್ಟಿಲುಗಳನ್ನು ಹತ್ತಿಳಿಯುತ್ತಲೇ ಇರುವ ಕಂಡಕ್ಟರುಗಳನ್ನೂ ಹೋಲಿಸಿ ನೋಡಿದ ಡಾಕ್ಟರ್ ಜೆರೆಮಿ ಮಾರಿಸ್ ಮತ್ತು ಸಂಗಡಿಗರು, ಕಂಡಕ್ಟರುಗಳಲ್ಲಿ ಹೃದ್ರೋಗ ಗಣನೀಯವಾಗಿ ಕಡಿಮೆಯೆಂಬುದನ್ನು 1953ರಲ್ಲಿ ಪ್ರಕಟಿಸಿದರು. ಆ ಕಂಡಕ್ಟರುಗಳಿಗೆ ಬಸ್ಸಿನ ಮೆಟ್ಟಿಲು ಏನಾಗಿತ್ತೋ, ನಮಗೆ ಮನೆಯ ಓಣಿಯೂ ಗದ್ದೆಯ ದಾರಿಯೂ ಅದೇ ಆಗಬಲ್ಲವು.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮವನ್ನೂ, ಎರಡು ದಿನ ಸ್ನಾಯುಬಲ ವರ್ಧಿಸುವ ಅಭ್ಯಾಸವನ್ನೂ ವಿಧಿಸಿದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಏರುದಾರಿಯನ್ನು ನಡೆದರೆ ಮೊದಲನೆಯದು ಸಂದಂತೆ. ಏರುವಾಗ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಉಸಿರು ಸಾಲದಿರಬೇಕು. ಅದೇ ತಕ್ಕ ವೇಗ. ಇಳಿಯುವಾಗ ದಾಪುಗಾಲು ಹಾಕದೆ, ಮೊಣಕಾಲನ್ನು ತುಸು ಬಾಗಿಸಿ, ಚಿಕ್ಕ ಹೆಜ್ಜೆಗಳನ್ನಿಡಬೇಕು. ದೇಹದ ಭಾರವನ್ನು ತಡೆಯುತ್ತಲೇ ತೊಡೆಯ ಸ್ನಾಯುಗಳು ಹಿಗ್ಗುವುದರಿಂದ, ರೂಢಿಯಿಲ್ಲದವರಿಗೆ ಒಂದೆರಡು ದಿನ ನೋವು ಕಾಡುವುದು ಈ ಇಳಿತದಿಂದಲೇ ಹೊರತು ಏರಿನಿಂದಲ್ಲ. ಎದೆ ಹಿಂಡಿದಂತಾದರೆ, ತಲೆ ಸುತ್ತಿದರೆ ತತ್‌ಕ್ಷಣವೇ ನಿಂತು ವೈದ್ಯರನ್ನು ಕಾಣತಕ್ಕದ್ದು. ಹೃದ್ರೋಗಿಗಳು ಅವರನ್ನು ಕೇಳದೆ ಆರಂಭಿಸಲೇಬಾರದು.

ಮಳೆಗಾಲದ ಮಾತು ಬೇರೆ. ವಾರಗಟ್ಟಲೆ ಬಿಡದೆ ಸುರಿಯುವ ಈ ಸೀಮೆಯಲ್ಲಿ, ಸಂಗಮದ ನೀರು ರಸ್ತೆಗೇರಿ ಜಿಗಣೆಗಳು ಹಾದಿಯನ್ನೆಲ್ಲ ವ್ಯಾಪಿಸಿರುವಾಗ ಹೊರಗೆ ನಡೆಯಿರೆಂದು ಯಾರೂ ಹೇಳಲಾರರು. ಜಗಲಿಯಲ್ಲಿ ಸೂರ್ಯನಮಸ್ಕಾರ, ಕುರ್ಚಿಯಿಂದ ಕೈಯೂರದೆ ಹತ್ತಾರು ಬಾರಿ ಎದ್ದು ಕೂರುವುದು, ಗೋಡೆಗೆ ಅಂಗೈಯೂರಿ ದೇಹವನ್ನು ತಳ್ಳುವುದು, ಇಷ್ಟು ಆ ತಿಂಗಳುಗಳಿಗೆ ಸಾಕು. ಅಜ್ಜ ಅಜ್ಜಿಯರು ಕಂಬವನ್ನು ಹಿಡಿದು ಒಂಟಿಕಾಲಿನಲ್ಲಿ ನಿಲ್ಲುವುದನ್ನು ರೂಢಿಸಿಕೊಂಡರೆ ಬೀಳುವ ಭಯ ತಗ್ಗುತ್ತದೆ.

ಇಷ್ಟೆಲ್ಲವನ್ನೂ ಪ್ರಜೆಗಳ ಇಚ್ಛೆಗೇ ಬಿಟ್ಟು ಸರ್ಕಾರವು ಸುಮ್ಮನಿರುವುದು ನ್ಯಾಯವಲ್ಲ. ತಲಕಾವೇರಿಯ ಅಂಕುಡೊಂಕಾದ ರಸ್ತೆಯಲ್ಲಿ, ತಿರುವಿನಲ್ಲಿ ಹಠಾತ್ತನೆ ಎದುರಾಗುವ ವಾಹನಗಳಿಗೆ ಅಂಜಿ ನಡೆಯುವವನು ಚರಂಡಿಯ ಅಂಚಿಗೆ ಸರಿಯಬೇಕು. 2020ರ ಆಗಸ್ಟ್‌ನಲ್ಲಿ ಅಲ್ಲಿನ ಬ್ರಹ್ಮಗಿರಿ ಬೆಟ್ಟದ ಮಣ್ಣು ಕುಸಿದುದನ್ನು ಕಂಡ ಮೇಲೆ ಬೆಟ್ಟವನ್ನು ಕಡಿದು ಹೊಸ ದಾರಿ ಮಾಡಿರೆಂದು ನಾನು ಕೇಳೆನು. ಇರುವ ರಸ್ತೆಯ ಒಂದು ಬದಿಯನ್ನೇ ಪಾದಚಾರಿಗಳಿಗೆಂದು ಗುರುತಿಸಿ, ಅಲ್ಲಲ್ಲಿ ಕೂರಲು ಕಲ್ಲುಹಾಸನ್ನೂ ಕುಡಿಯಲು ನೀರನ್ನೂ ಒದಗಿಸಿ, ಬೆಳಗಿನ ಎರಡು ಗಂಟೆಗಳ ಕಾಲವಾದರೂ ಪ್ರವಾಸಿ ವಾಹನಗಳನ್ನು ಭಾಗಮಂಡಲದಲ್ಲೇ ತಡೆಯುವ ಏರ್ಪಾಟು ಮುಂದಿನ ತುಲಾ ಸಂಕ್ರಮಣದೊಳಗೆ ಆಗಲಿ.