ನಡುಮನೆಯ ಮಾತು: ವೀರನ ಮೀಸೆ

ಈ ಪುಟದಲ್ಲಿ ನಾವು ಬಹುಮಟ್ಟಿಗೆ ಮನೆವಾರ್ತೆಯ ವಿಷಯಗಳನ್ನೇ ಬರೆಯುತ್ತ ಬಂದಿರುವೆವು. ಈ ತಿಂಗಳು ಚಲಚ್ಚಿತ್ರವೊಂದರ ಪ್ರಸ್ತಾಪವನ್ನೆತ್ತಿದುದಕ್ಕೆ ಕೆಲವರು ವಾಚಕರು ಹುಬ್ಬುಗಂಟಿಕ್ಕಬಹುದು. ಆದರೆ ಈಚೆಗೆ ನಮ್ಮ ನಡುಮನೆಯಲ್ಲಿ ಈ ಚಿತ್ರದ ವಿಷಯವಾಗಿ ಎದ್ದ ಚರ್ಚೆಯು ರಾತ್ರಿಯ ಊಟವನ್ನೇ ಎರಡು ಗಳಿಗೆ ತಡಮಾಡಿತಾದುದರಿಂದ, ಇದೂ ಮನೆವಾರ್ತೆಯೇ ಆಯಿತೆಂದು ನಾವು ಎಣಿಸಿದೆವು.

'ಜಸ್ಟಿಸ್ ಲೀಗ್' ಎಂಬ ಅಮೆರಿಕದ ಚಿತ್ರವು 2017ನೆಯ ಇಸವಿ ನವೆಂಬರ್ 17ರಂದು ಆ ದೇಶದಲ್ಲಿಯೂ ನಮ್ಮಲ್ಲಿಯೂ ಒಂದೇ ದಿನ ತೆರೆಕಂಡಿತು. ನಮ್ಮ ಮನೆಯ ಹುಡುಗನಿಗೆ ಆಗ 12 ವರ್ಷ. ತಿಂಗಳುಗಟ್ಟಲೆ ದಿನವೆಣಿಸಿ, ಪರೀಕ್ಷೆಯ ಅಂಕಗಳನ್ನು ಒತ್ತೆಯಿಟ್ಟು ಅನುಮತಿ ಪಡೆದು, ಗೆಳೆಯರೊಡನೆ ಹೋದವನು ಹಿಂದಿರುಗಿ ಬಂದು ಪಾದರಕ್ಷೆಯನ್ನು ಕಳಚಿ ಸುಮ್ಮನೆ ಒಳಕ್ಕೆ ನಡೆದನು. "ಹೇಗಿದ್ದಿತಪ್ಪಾ?" ಎಂದರೆ "ಚೆನ್ನಾಗಿತ್ತು" ಎಂದನು. ಬೀಗರ ಮನೆಯಲ್ಲಿ ಉಪ್ಪಿಲ್ಲದ ಸಾರನ್ನು ಹೊಗಳುವ ಧ್ವನಿ ಅದು. ಮರುದಿನ ಬೆಳಗ್ಗೆ, ಕೇಳದೆಯೇ, "ಸೂಪರ್‌ಮ್ಯಾನನ ತುಟಿ ಸರಿಯಾಗಿರಲಿಲ್ಲ" ಎಂದು ಹೇಳಿ ಕಣ್ಣಿನಲ್ಲಿ ನೀರು ತಂದುಕೊಂಡನು. ನಾವು ನಕ್ಕುಬಿಟ್ಟೆವು. "ಒಂದು ಸಿನಿಮಾ ತಾನೆ!" ಎಂದೂ ಅಂದೆವು. ಆ ಮಾತನ್ನು ಅವನು ಇನ್ನೂ ಮರೆತಿಲ್ಲವೆಂಬುದು ನಮಗೆ ತಿಳಿದುದು ಮೊನ್ನೆ.

ಈ ವೀರರ ಪರಿಚಯವಿಲ್ಲದ ಹಿರಿಯರಿಗೆ ಎರಡು ಮಾತು. ಸೂಪರ್‌ಮ್ಯಾನನು 1938ರಲ್ಲಿ ಅಮೆರಿಕದ ಚಿತ್ರಕಥಾಪತ್ರಿಕೆಯೊಂದರಲ್ಲಿ ಹುಟ್ಟಿದವನು. ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬಿಬ್ಬರು ತರುಣರು ಅವನ ಜನಕರು. ಬ್ಯಾಟ್‌ಮ್ಯಾನನು ಮರುವರ್ಷದವನು. ವಂಡರ್ ವುಮನ್ ಎಂಬ ವೀರಾಂಗನೆ 1941ರಲ್ಲಿ ಬಂದಳು. ಎಂದರೆ ಈ ಮೂವರೂ ವಯಸ್ಸಿನಲ್ಲಿ ನಮಗಿಂತ ಹಿರಿಯರೇ. ಮೂರು ತಲೆಮಾರಿನ ಬಾಲಕರು ಇವರನ್ನು ಕಂಡು ಬೆಳೆದಿರುವರು. ಹೀಗಿರುವಾಗ ಈ ಮೂವರನ್ನೂ ಇನ್ನೂ ಕೆಲವರನ್ನೂ ಒಂದೇ ತೆರೆಯ ಮೇಲೆ ಕೂಡಿಸುವ ಚಿತ್ರವೆಂದರೆ ನಿರೀಕ್ಷೆ ಸಾಮಾನ್ಯವಾಗಿರಲು ಹೇಗೆ ಸಾಧ್ಯ?

ಆದರೆ ಆಶಾಭಂಗದ ಬೀಜವು ಅದಕ್ಕೂ ಹಿಂದಿನ ವರ್ಷವೇ ಬಿದ್ದಿದ್ದಿತು. 2016ರ ಮಾರ್ಚಿಯಲ್ಲಿ ಇದೇ ನಿರ್ದೇಶಕ ಝಾಕ್ ಸ್ನೈಡರ್ ಅವರು ಬ್ಯಾಟ್‌ಮ್ಯಾನನಿಗೂ ಸೂಪರ್‌ಮ್ಯಾನನಿಗೂ ಯುದ್ಧ ಹೂಡಿಸಿದ ಚಿತ್ರವೊಂದನ್ನು ಹೊರತಂದರು. ಮೊದಲನೆಯ ವಾರಾಂತ್ಯದಲ್ಲಿ ಅಮೆರಿಕದಲ್ಲಿಯೇ 16 ಕೋಟಿ 60 ಲಕ್ಷ ಡಾಲರು ಸಂಗ್ರಹವಾಯಿತು. ಎರಡನೆಯ ವಾರಾಂತ್ಯಕ್ಕೆ ಅದು ಸುಮಾರು ನೂರಕ್ಕೆ 69ರಷ್ಟು ಕುಸಿಯಿತು. ನೋಡಿದವರು ನೆರೆಮನೆಯವರಿಗೆ ಏನೆಂದು ಹೇಳಿರಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆ ಚಿತ್ರದಲ್ಲಿ ಇಬ್ಬರು ವೀರರ ಹಗೆಯು, ಇಬ್ಬರ ತಾಯಂದಿರ ಹೆಸರೂ ಮಾರ್ಥಾ ಎಂದು ತಿಳಿದ ಕ್ಷಣವೇ ಇಳಿದುಹೋಗುತ್ತದೆ. ಇದನ್ನು ಕಂಡು ಜಗತ್ತೆಲ್ಲ ನಕ್ಕಿತು. ತಾಯಿಯ ಹೆಸರೊಂದೇ ಆದ ಮಾತ್ರಕ್ಕೆ ಜಗಳ ನಿಲ್ಲುವುದಾದರೆ ನಮ್ಮ ಸೀಮೆಯ ಲಕ್ಷ್ಮಮ್ಮಂದಿರ ಮಕ್ಕಳೆಲ್ಲ ಎಂದೋ ನ್ಯಾಯಾಲಯಗಳ ಬಾಗಿಲು ಮುಚ್ಚಿಸುತ್ತಿದ್ದರು.

ಇಲ್ಲಿ ನಮಗೆ ವಿಚಿತ್ರವಾಗಿ ತೋರುವ ಸಂಗತಿಯೊಂದುಂಟು. ಅಮೆರಿಕದಲ್ಲಿ ಮೊದಲ ದಿನದ ಪ್ರೇಕ್ಷಕರನ್ನು ಮಂದಿರದ ಬಾಗಿಲಲ್ಲಿಯೇ ಕೇಳಿ ದರ್ಜೆ ಕೊಡಿಸುವ ಸಿನಿಮಾಸ್ಕೋರ್ ಎಂಬ ಪದ್ಧತಿಯಿದೆ. 2016ರ ಚಿತ್ರಕ್ಕೆ ಅವರು ಕೊಟ್ಟುದು 'ಬಿ'. 2017ರ 'ಜಸ್ಟಿಸ್ ಲೀಗ್'ಗೆ ಕೊಟ್ಟುದು 'ಬಿ ಪ್ಲಸ್'. ಎಂದರೆ ನೋಡಿದವರಿಗೆ ಎರಡನೆಯದು ಕೊಂಚ ಮೇಲೆಂದೇ ಕಂಡಿತು. ಆದರೂ ಅದರ ಮೊದಲ ವಾರಾಂತ್ಯದ ಸಂಗ್ರಹ 9 ಕೋಟಿ 40 ಲಕ್ಷದಷ್ಟೇ. ಸುಮಾರು 30 ಕೋಟಿ ಡಾಲರು ವೆಚ್ಚ ಮಾಡಿದ ಚಿತ್ರವು ಲೋಕವನ್ನೆಲ್ಲ ಸುತ್ತಿ 65 ಕೋಟಿಗೆ ಸ್ವಲ್ಪ ಮಿಕ್ಕಿ ತಂದಿತು. ಅದರಲ್ಲಿ ಅರ್ಧದಷ್ಟು ಮಂದಿರಗಳವರ ಪಾಲು, ಜಾಹೀರಾತಿನ ಖರ್ಚು ಬೇರೆ. ಮೊದಲನೆಯ ಬಾರಿ ಮೋಸಹೋದವನು ಆಗ ದುಡ್ಡು ಕೊಟ್ಟಾಗಿರುತ್ತದೆ. ಅವನ ಸಿಟ್ಟು ತೀರುವುದು ಎರಡನೆಯ ಬಾರಿಗೆ, ಮನೆಯಲ್ಲಿಯೇ ಕುಳಿತುಕೊಳ್ಳುವುದರಿಂದ. ಕಿರಾಣಿ ಅಂಗಡಿಯವರೆಲ್ಲರಿಗೂ ತಿಳಿದ ಈ ಸಂಗತಿ ಕೋಟ್ಯಂತರ ಡಾಲರಿನ ವ್ಯಾಪಾರಿಗಳಿಗೆ ಏಕೆ ಹೊಳೆಯಲಿಲ್ಲವೋ ಕಾಣೆವು.

ಇನ್ನು ತುಟಿಯ ಕಥೆಗೆ ಬರೋಣ. 2017ರ ಮಾರ್ಚಿಯಲ್ಲಿ, ಚಿತ್ರದ ಕೆಲಸ ನಡೆದಿರುವಾಗಲೇ, ಸ್ನೈಡರ್ ದಂಪತಿಗಳ 20 ವರ್ಷದ ಮಗಳು ಆತ್ಮಹತ್ಯೆಯಿಂದ ತೀರಿಕೊಂಡಳು. ಕೆಲಸದಲ್ಲಿ ಮುಳುಗಿದರೆ ದುಃಖ ಕಳೆದೀತೆಂದು ತಂದೆಯು ಎರಡು ತಿಂಗಳು ಪ್ರಯತ್ನಪಟ್ಟು ನೋಡಿದರು, ಆಗಲಿಲ್ಲ. ಚಿತ್ರದ ನಿರ್ಮಾಪಕರಲ್ಲೊಬ್ಬರಾಗಿದ್ದ ಅವರ ಪತ್ನಿಯೂ ಅವರೂ ಮೇ ತಿಂಗಳಿನಲ್ಲಿ ಕೆಲಸವನ್ನು ಬಿಟ್ಟು ಉಳಿದ ಮಕ್ಕಳ ಬಳಿಗೆ ಹೋದರು. ಸಂಸ್ಥೆಯವರಿಗೂ ಅವರಿಗೂ ಅದಕ್ಕೆ ಮುಂಚಿನಿಂದಲೂ ಚಿತ್ರದ ರೀತಿಯ ವಿಷಯದಲ್ಲಿ ಎಳೆದಾಟವಿದ್ದಿತು. ಹೋರಾಡುವ ಶಕ್ತಿ ಆಗ ತಮ್ಮಲ್ಲಿ ಉಳಿದಿರಲಿಲ್ಲವೆಂದು ಅವರು ಮುಂದೆ ಹೇಳಿಕೊಂಡಿರುವರು.

ಅವರ ಸ್ಥಾನಕ್ಕೆ ಬಂದವರು ಜಾಸ್ ವೀಡನ್; 2012ರಲ್ಲಿ 'ಅವೆಂಜರ್ಸ್' ಚಿತ್ರದಿಂದ ಹೆಸರಾದವರು. ಅನೇಕ ದೃಶ್ಯಗಳನ್ನು ಹೊಸದಾಗಿ ಬರೆದು ಮತ್ತೆ ಚಿತ್ರಿಸಲಾಯಿತು. ಸಂಗೀತಗಾರರೂ ಬದಲಾದರು. ಹಾಸ್ಯವನ್ನು ಅಲ್ಲಲ್ಲಿ ಒಗ್ಗರಣೆಯಂತೆ ಸಿಡಿಸಿದರು. ಚಿತ್ರವು ಎರಡು ಗಂಟೆಗಳನ್ನು ಮೀರಕೂಡದೆಂದು ಮೇಲಿನಿಂದ ಅಪ್ಪಣೆಯಾಗಿದ್ದಿತೆಂದು ಪತ್ರಿಕೆಗಳು ವರದಿಮಾಡಿದವು. ಬಂದ ಚಿತ್ರವು ಸರಿಯಾಗಿ 120 ನಿಮಿಷದ್ದೇ ಆಗಿದ್ದಿತು. ಈ ಮರುಚಿತ್ರಣದ ಹೊತ್ತಿಗೆ ಸೂಪರ್‌ಮ್ಯಾನನ ಪಾತ್ರಧಾರಿ ಹೆನ್ರಿ ಕ್ಯಾವಿಲ್ ಅವರು 'ಮಿಷನ್ ಇಂಪಾಸಿಬಲ್' ಸರಣಿಯ ಆರನೆಯ ಚಿತ್ರಕ್ಕಾಗಿ ದಟ್ಟವಾದ ಮೀಸೆಯನ್ನು ಬೆಳೆಸಿದ್ದರು. ಅದನ್ನು ಬೋಳಿಸಲು ಆ ಚಿತ್ರದ ಒಡೆಯರು ಒಪ್ಪಲಿಲ್ಲ. ಆದುದರಿಂದ ಮೀಸೆಯೊಡನೆಯೇ ನಟನೆ ನಡೆಯಿತು. ಬಳಿಕ ಗಣಕಯಂತ್ರದಿಂದ ಆ ಮೀಸೆಯನ್ನು ಅಳಿಸಿ, ಅದರ ಸ್ಥಳದಲ್ಲಿ ತುಟಿಯನ್ನು ಬರೆದರು. ಕೈಯಿಂದ ಪರ್ವತವನ್ನೆತ್ತಬಲ್ಲ ವೀರನ ಮೇಲ್ದುಟಿಯು, ಹಲ್ಲು ಕೀಳಿಸಿಕೊಂಡು ಬಂದವನ ತುಟಿಯಂತೆ, ಮಾತಿಗೊಂದು ಕಡೆ ತಾನೊಂದು ಕಡೆ ಆಡತೊಡಗಿತು. ದುರದೃಷ್ಟವೆಂದರೆ ಅದು ಚಿತ್ರದ ಮೊಟ್ಟಮೊದಲ ದೃಶ್ಯ: ಹುಡುಗರು ತಮ್ಮ ಕೈಯ ದೂರವಾಣಿಯಲ್ಲಿ ಸೂಪರ್‌ಮ್ಯಾನನ ಚಿತ್ರ ಹಿಡಿಯುತ್ತ ಪ್ರಶ್ನೆ ಕೇಳುವ ಸನ್ನಿವೇಶ. ನಮ್ಮ ಹುಡುಗನ ನಿರೀಕ್ಷೆಯು ತೆರೆ ಬೆಳಗಿದ ಒಂದೆರಡು ನಿಮಿಷಗಳಲ್ಲಿಯೇ ಮುರಿದುದು ಹೀಗೆ.

ಚಿತ್ರದ ಮೇಲೆ ನಿರ್ದೇಶಕರೆಂದು ಸ್ನೈಡರ್ ಅವರ ಹೆಸರೊಂದೇ ಉಳಿದುಕೊಂಡಿದ್ದಿತು. ಅವರಾದರೋ ಅದನ್ನು ನೋಡಲಿಲ್ಲ. ಅವರ ಪತ್ನಿಯೂ ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಅವರೂ ಮುಂಚೆಯೇ ನೋಡಿ, "ನೀವು ಇದನ್ನು ಎಂದಿಗೂ ನೋಡಕೂಡದು" ಎಂಬ ಅಭಿಪ್ರಾಯ ಕೊಟ್ಟಿದ್ದರಂತೆ.

ಪ್ರೇಕ್ಷಕರ ಪ್ರತಿಕ್ರಿಯೆಯಲ್ಲಿ ವಿಶೇಷವಿರುವುದು ಇಲ್ಲಿಂದ ಮುಂದೆಯೇ. ಚಿತ್ರ ಕೆಟ್ಟರೆ ಬೈಯುವುದು, ನಗುವುದು, ಮರೆಯುವುದು, ಇಷ್ಟೇ ವಾಡಿಕೆ. ಇವರು ಮರೆಯಲಿಲ್ಲ. ಸ್ನೈಡರ್ ಅವರು ಜೋಡಿಸಿದ್ದ ಮೊದಲಿನ ಚಿತ್ರವನ್ನು ನಮಗೆ ತೋರಿಸಿರೆಂದು ಕೆಲವೇ ದಿನಗಳಲ್ಲಿ ಲಕ್ಷಕ್ಕೂ ಮೀರಿದ ಸಹಿಗಳೊಡನೆ ಮನವಿ ಹೊರಟಿತು. 2019ರಲ್ಲಿ ಸಾನ್ ಡಿಯೇಗೋ ನಗರದ ಚಿತ್ರಕಥಾಮೇಳದ ಸಮಯಕ್ಕೆ ವಂತಿಗೆ ಕೂಡಿಸಿ, ವಿಮಾನದ ಹಿಂದೆ ಬಟ್ಟೆಯ ಪತಾಕೆ ಕಟ್ಟಿ, ಆಕಾಶದಲ್ಲಿಯೇ ತಮ್ಮ ಬೇಡಿಕೆಯನ್ನು ಹಾರಿಸಿದರು. ಅದೇ ವರ್ಷದ ನವೆಂಬರ್ 17ರಂದು, ಎರಡನೆಯ ವರ್ಷದ ದಿನ, ಪಾತ್ರಧಾರಿಗಳಾದ ಬೆನ್ ಅಫ್ಲೆಕ್, ಗಾಲ್ ಗಡೋಟ್ ಇವರೂ ಆ ಕೂಗಿಗೆ ಬಹಿರಂಗವಾಗಿ ದನಿಗೂಡಿಸಿದರು.

ಇವರ ನಡತೆಯೆಲ್ಲ ಒಪ್ಪತಕ್ಕುದಾಗಿದ್ದಿತೆಂದು ನಾವು ಹೇಳಲಾರೆವು. ಭಿನ್ನಾಭಿಪ್ರಾಯ ಹೇಳಿದ ವಿಮರ್ಶಕರನ್ನೂ ಸಂಸ್ಥೆಯ ನೌಕರರನ್ನೂ ಅಸಭ್ಯವಾಗಿ ನಿಂದಿಸಿದವರು ಇವರಲ್ಲಿ ಇದ್ದರು. ಈ ಗದ್ದಲದಲ್ಲಿ ಪಾಲ್ಗೊಂಡ ಖಾತೆಗಳಲ್ಲಿ ನೂರಕ್ಕೆ 13ರಷ್ಟಾದರೂ ಹುಸಿಯಾದುವೆಂದೂ, ಸಾಮಾನ್ಯವಾಗಿ ಇಂಥವು 3ರಿಂದ 5ರಷ್ಟು ಮಾತ್ರ ಇರುವುವೆಂದೂ 2022ರಲ್ಲಿ 'ರೋಲಿಂಗ್ ಸ್ಟೋನ್' ಪತ್ರಿಕೆಯು ಪ್ರಕಟಿಸಿತು. ಆದರೆ ಇದೇ ಜನರು, ಆ ಮಗಳ ನೆನಪಿನಲ್ಲಿ, ಆತ್ಮಹತ್ಯೆಯನ್ನು ತಡೆಗಟ್ಟಲು ದುಡಿಯುವ ಅಮೆರಿಕದ ಸಂಸ್ಥೆಗೆ ಐದು ಲಕ್ಷ ಡಾಲರಿಗೂ ಮೀರಿ ಹಣವನ್ನು ಕೂಡಿಸಿ ಕೊಟ್ಟರೆಂಬುದೂ ಅಷ್ಟೇ ನಿಜ. ಚಿತ್ರವೊಂದು ಚೆನ್ನಾಗಿಲ್ಲವೆಂಬ ಸಿಟ್ಟಿನಿಂದ ಹುಟ್ಟಿದ ಗುಂಪು ಇಂಥ ಕೆಲಸ ಮಾಡಿದುದನ್ನು ನಾವು ಬೇರೆಲ್ಲಿಯೂ ಕೇಳಿಲ್ಲ.

2020ರ ಮೇ ತಿಂಗಳಿನಲ್ಲಿ ಸಂಸ್ಥೆಯವರು ಮಣಿದರು. ಸುಮಾರು 7 ಕೋಟಿ ಡಾಲರು ಮತ್ತೆ ವೆಚ್ಚವಾಯಿತು. ಸ್ನೈಡರ್ ಅವರು ಈ ಕೆಲಸಕ್ಕೆ ಸಂಭಾವನೆ ತೆಗೆದುಕೊಳ್ಳಲಿಲ್ಲ. 2021ರ ಮಾರ್ಚಿ 18ರಂದು, ಚಿತ್ರಮಂದಿರಗಳಿಗಲ್ಲ, ಮನೆಗಳಿಗೇ, ನಾಲ್ಕು ಗಂಟೆ ಎರಡು ನಿಮಿಷಗಳ ಚಿತ್ರವು ಬಂದಿತು. ತಾವು ಚಿತ್ರಿಸದ ಒಂದು ತುಣುಕನ್ನೂ ಅವರು ಅದರಲ್ಲಿ ಇರಗೊಡಲಿಲ್ಲವಾದುದರಿಂದ ಆ ತುಟಿಯು ತಾನಾಗಿಯೇ ಮಾಯವಾಯಿತು.

ಹುಡುಗನು ಆಗಲೇ ಅದನ್ನು ಒಬ್ಬನೇ ನೋಡಿದ್ದನಂತೆ. ಕಳೆದ ತಿಂಗಳು, ಕಾಲೇಜಿನ ರಜೆಗೆ ಬಂದವನು, ನಮ್ಮೆಲ್ಲರನ್ನೂ ಕೂಡಿಸಿಕೊಂಡು ಮತ್ತೆ ನೋಡಿದನು. ನಮ್ಮ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ: ಚಿತ್ರವು ಬಹಳ ಉದ್ದ. ಮಂದಗತಿಯ ದೃಶ್ಯಗಳನ್ನೆಲ್ಲ ಸಹಜವೇಗದಲ್ಲಿ ಓಡಿಸಿದ್ದರೆ ಅರ್ಧ ಗಂಟೆ ಉಳಿಯುತ್ತಿದ್ದಿತು. ಎರಡನೆಯ ಗಂಟೆಯಲ್ಲಿ ನಾವು ಕೊಂಚ ತೂಕಡಿಸಿದೆವು. ಮನೆಯಾಕೆಯು ಎದ್ದು ಹೋಗಿ ಹಾಲಿಗೆ ಹೆಪ್ಪು ಹಾಕಿ ಬಂದರೂ ಯುದ್ಧ ಮುಗಿದಿರಲಿಲ್ಲ. ಆದರೆ ವಿಕ್ಟರ್ ಸ್ಟೋನ್ ಎಂಬ ತರುಣನ ಕಥೆ ಮನಸ್ಸಿಗೆ ನಾಟಿತು. ಅಪಘಾತದಲ್ಲಿ ತಾಯಿ ಸತ್ತು, ತಾನೂ ಸಾಯುವುದರಲ್ಲಿದ್ದವನನ್ನು ವಿಜ್ಞಾನಿಯಾದ ತಂದೆಯು ಅರ್ಧ ಯಂತ್ರವನ್ನಾಗಿ ಮಾಡಿ ಉಳಿಸಿರುತ್ತಾನೆ. ಮಗನು ಅದಕ್ಕಾಗಿಯೇ ತಂದೆಯನ್ನು ದ್ವೇಷಿಸುತ್ತಾನೆ. ಕೊನೆಗೆ ತಂದೆಯು ಮಗನ ಕಣ್ಣೆದುರಿನಲ್ಲಿಯೇ ಪ್ರಾಣ ಕೊಡುತ್ತಾನೆ. ಮಗನು ಅವನು ಧ್ವನಿಮುದ್ರಣ ಮಾಡಿಟ್ಟಿದ್ದ ಮಾತುಗಳನ್ನು ಕೇಳುತ್ತ ಕುಳಿತಿರುತ್ತಾನೆ. ಪಾತ್ರಧಾರಿ ರೇ ಫಿಷರ್ ಬಹು ಚೆನ್ನಾಗಿ ಅಭಿನಯಿಸಿರುವರು. 2017ರ ಚಿತ್ರದಲ್ಲಿ ಇದರ ಬಹುಭಾಗವನ್ನು ಕತ್ತರಿಸಿ ಎಸೆದಿದ್ದರು. ಅದರಲ್ಲಿ ತಂದೆಯು ಸಾಯುವುದೂ ಇಲ್ಲ. ಎರಡು ಗಂಟೆಯ ಲೆಕ್ಕಕ್ಕೆ ಮೊದಲು ಬಲಿಯಾದುದು ಚಿತ್ರದ ಹೃದಯವೇ ಎಂಬುದನ್ನು ಕಂಡಮೇಲೆ, 12 ವರ್ಷದ ಹುಡುಗನು ತುಟಿಯೆಂದು ಹೆಸರಿಟ್ಟು ಅತ್ತುದು ಬರಿಯ ತುಟಿಗಲ್ಲವೆಂದು ನಮಗೆ ತೋರಿತು.

ಚರ್ಚೆಯೆದ್ದುದು ಆಮೇಲೆ. ನಾವೆಂದೆವು: "ಉಂಡವರೆಲ್ಲ ಸೇರಿ ಕೂಗಿದರೆಂದು ಅಡಿಗೆಯನ್ನು ಮತ್ತೆ ಮಾಡಿಸುವುದು ಯಾವ ನ್ಯಾಯ? ನಾಳೆ ಪ್ರತಿಯೊಂದು ಪಂಕ್ತಿಯವರೂ ಕೂಗುವರು." ಹುಡುಗನೆಂದನು: "ಅಡಿಗೆ ಆಗಿತ್ತು. ಅಡಿಗೆಯವನು ಹೆಣದ ಮನೆಗೆ ಹೋದಾಗ ಇನ್ನೊಬ್ಬರು ಅದಕ್ಕೆ ನೀರು ಹೊಯ್ದು ಅವನ ಹೆಸರಿನಲ್ಲಿಯೇ ಬಡಿಸಿದರು. ಮೊದಲಿನದನ್ನು ತನ್ನಿರಿ ಎಂದು ಕೇಳಿದೆವು, ಅಷ್ಟೇ." ನಾವು ಆ ಹುಸಿ ಖಾತೆಗಳ ಮಾತೆತ್ತಿದೆವು, ಅವನು ಆ ಐದು ಲಕ್ಷ ಡಾಲರಿನ ಮಾತೆತ್ತಿದನು. ಇಬ್ಬರ ಧ್ವನಿಯೂ ಏರಿತು. "ನೀವು ಅಂದು ನಕ್ಕಿರಿ" ಎಂದು ಅವನು ಹೇಳಿದುದು ಆಗಲೇ. ನಮಗೆ ಉತ್ತರ ಹೊಳೆಯಲಿಲ್ಲ.

ಮನೆಯಾಕೆಯು ಚರ್ಚೆಯಲ್ಲಿ ಸೇರಿರಲಿಲ್ಲ. ಚಿತ್ರದ ಕೊನೆಯಲ್ಲಿ ತೆರೆಯ ಮೇಲೆ ಬಂದ ಅರ್ಪಣೆಯ ಹೆಸರು ಯಾರದೆಂದು ಹುಡುಗನನ್ನು ಕೇಳಿದಳು. ಅವನು ಹೇಳಿದನು. "ಎಷ್ಟು ವಯಸ್ಸಾಗಿತ್ತು?" ಎಂದಳು. "ಇಪ್ಪತ್ತು" ಎಂದನು. ಅವನಿಗೂ ಈಗ ಅಷ್ಟೇ. ಆಕೆಯು ಮತ್ತೇನೂ ಕೇಳದೆ ಎದ್ದು ಎಲೆ ಹಾಕಿದಳು. ಅಂದು ರಾತ್ರಿ, ಬೇಡವೆಂದರೂ ಬಿಡದೆ, ಅವನಿಗೆ ಎರಡು ಸಲ ತುಪ್ಪ ಬಡಿಸಿದಳು.