ನಾಣ್ಯ ಒಂದು, ಬೆಲೆ ಮೂರು

ಅಮೆರಿಕದ ಎರಡು ಕಾಲು ಡಾಲರ್ ನಾಣ್ಯಗಳಿವೆ ಎನ್ನೋಣ. ಒಂದರ ಮೇಲೆ 1964 ಎಂದಿದೆ, ಇನ್ನೊಂದರ ಮೇಲೆ 1965. ಎರಡರಲ್ಲೂ ಜಾರ್ಜ್ ವಾಷಿಂಗ್ಟನ್ ಮುಖ, ಎರಡರ ಅಗಲವೂ ಒಂದೇ. ಅಂಗಡಿಯಲ್ಲಿ ಎರಡಕ್ಕೂ ಸಿಗುವುದು 25 ಸೆಂಟಿನ ಸಾಮಾನೇ. ಆದರೆ ಮೊದಲನೆಯದರಲ್ಲಿರುವ ಲೋಹಕ್ಕೆ ಅದರ ಹಲವು ಪಟ್ಟು ಬೆಲೆಯಿದೆ. ಹೀಗೇಕೆ?

1964ರ ಇಸವಿಯುಳ್ಳ ನಾಣ್ಯದ ತೂಕ 6.25 ಗ್ರಾಂ. ಅದರಲ್ಲಿ ಶೇಕಡಾ 90 ಬೆಳ್ಳಿ, 10 ತಾಮ್ರ. ಶುದ್ಧ ಬೆಳ್ಳಿ ಮೆದು ಲೋಹ. ಕೈಯಿಂದ ಕೈಗೆ ಹೋಗುತ್ತ ಬೇಗ ಸವೆಯುತ್ತದೆ. ಅದನ್ನು ಗಟ್ಟಿಗೊಳಿಸಲು ತಾಮ್ರ ಬೇಕು. 6.25 ಅನ್ನು 0.9ರಿಂದ ಗುಣಿಸಿದರೆ ಬೆಳ್ಳಿಯ ಪಾಲು ಸುಮಾರು 5.6 ಗ್ರಾಂ. ಪತ್ರಿಕೆಯಲ್ಲಿ ಬರುವ ಆ ದಿನದ ಬೆಳ್ಳಿಯ ದರದಿಂದ ಇದನ್ನು ಗುಣಿಸಿದರೆ ಲೋಹದ ಬೆಲೆ ಸಿಗುತ್ತದೆ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು.

1960ರ ದಶಕದಲ್ಲಿ ಬೆಳ್ಳಿಯ ದರ ಏರತೊಡಗಿತು. ಒಂದು ಟ್ರಾಯ್ ಔನ್ಸ್, ಅಂದರೆ 31.1 ಗ್ರಾಂ ಬೆಳ್ಳಿಗೆ ಸುಮಾರು 1.38 ಡಾಲರ್ ದಾಟಿದರೆ ಕಾಲು ಡಾಲರಿನಲ್ಲಿರುವ ಬೆಳ್ಳಿಯೇ 25 ಸೆಂಟಿಗಿಂತ ಹೆಚ್ಚು ಬಾಳುತ್ತದೆ. ಹಾಗಾದ ಮೇಲೆ ನಾಣ್ಯವನ್ನು ಖರ್ಚು ಮಾಡುವವರಾರು? ಜನ ಅದನ್ನು ಕೂಡಿಡತೊಡಗಿದರು, ಪೇಟೆಯಲ್ಲಿ ಚಿಲ್ಲರೆಗೆ ಬರ ಬಂತು. 1965ರ ಜುಲೈ 23ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಹೊಸ ನಾಣ್ಯ ಶಾಸನಕ್ಕೆ ಸಹಿ ಹಾಕಿದರು. 10 ಮತ್ತು 25 ಸೆಂಟಿನ ನಾಣ್ಯಗಳಿಂದ ಬೆಳ್ಳಿ ಮಾಯವಾಯಿತು. ಒಳಗೆ ತಾಮ್ರದ ತಿರುಳು, ಎರಡೂ ಬದಿಗೆ ತಾಮ್ರ-ನಿಕಲ್ ಮಿಶ್ರಲೋಹದ ಹೊದಿಕೆ ಬಂತು. ಅರ್ಧ ಡಾಲರಿನಲ್ಲಿ ಮಾತ್ರ 1970ರವರೆಗೆ ಶೇಕಡಾ 40ರಷ್ಟು ಬೆಳ್ಳಿ ಉಳಿಯಿತು.

ಗುರುತಿಸುವುದು ಸುಲಭ. ಹೊಸ ನಾಣ್ಯದ ಅಂಚಿನಲ್ಲಿ ತಾಮ್ರದ ಕೆಂಪು ಗೆರೆ ಕಾಣುತ್ತದೆ; ಬೆಳ್ಳಿಯದಕ್ಕೆ ಅದಿಲ್ಲ. ತಕ್ಕಡಿಯೂ ಸತ್ಯ ಹೇಳುತ್ತದೆ: ಹೊಸದರ ತೂಕ 5.67 ಗ್ರಾಂ ಮಾತ್ರ. ಬೆಳ್ಳಿಯ ಸಾಂದ್ರತೆ ತಾಮ್ರದ್ದಕ್ಕಿಂತ ಹೆಚ್ಚು ಎಂಬ ಪಾಠ ಇಲ್ಲಿ ಕಣ್ಣಿಗೇ ಕಾಣುತ್ತದೆ. ಹೊಳಪನ್ನು ಮಾತ್ರ ನಂಬಬಾರದು. 1942ರಿಂದ 1945ರವರೆಗಿನ ಕೆಲವು 5 ಸೆಂಟ್ ನಾಣ್ಯಗಳು ಮಂಕಾಗಿ ಕಂಡರೂ ಅವುಗಳಲ್ಲಿ ಶೇಕಡಾ 35 ಬೆಳ್ಳಿಯಿದೆ. ಮಹಾಯುದ್ಧಕ್ಕೆ ನಿಕಲ್ ಬೇಕಾದ್ದರಿಂದ ಅದನ್ನು ಬಿಟ್ಟು ತಾಮ್ರ, ಬೆಳ್ಳಿ, ಮ್ಯಾಂಗನೀಸ್ ಬೆರೆಸಲಾಗಿತ್ತು. ಹಿಂಬದಿಯಲ್ಲಿ ಕಟ್ಟಡದ ಗುಮ್ಮಟದ ಮೇಲಿರುವ ದೊಡ್ಡ ಇಂಗ್ಲಿಷ್ ಅಕ್ಷರವೇ ಅವುಗಳ ಗುರುತು.

ಮುಖಬೆಲೆ, ಲೋಹದ ಬೆಲೆಗಳಲ್ಲದೆ ಮೂರನೆಯದೂ ಒಂದಿದೆ: ಸಂಗ್ರಾಹಕರು ಕೊಡುವ ಬೆಲೆ. 1932ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯಲ್ಲಿ ಅಚ್ಚಾದ ಕಾಲು ಡಾಲರುಗಳು 4,08,000 ಮಾತ್ರ. ಅವುಗಳಲ್ಲಿರುವುದೂ ಅದೇ 5.6 ಗ್ರಾಂ ಬೆಳ್ಳಿ. ಆದರೆ ಅಪರೂಪವಾದ್ದರಿಂದ ಸಂಗ್ರಾಹಕರು ಲೋಹದ ಬೆಲೆಗಿಂತ ಎಷ್ಟೋ ಹೆಚ್ಚು ಕೊಡುತ್ತಾರೆ.

ಆದ್ದರಿಂದ ಮನೆಯಲ್ಲಿ ಇಂಥ ಹಳೆಯ ನಾಣ್ಯವಿದ್ದರೆ ಹುಣಸೆಹಣ್ಣು ಹಚ್ಚಿ ಉಜ್ಜುವ ಆತುರ ಬೇಡ. ಅದರ ಮೇಲಿನ ಕಪ್ಪು, ಗಾಳಿಯಲ್ಲಿರುವ ಗಂಧಕದ ಅನಿಲಗಳೊಡನೆ ಬೆಳ್ಳಿ ಸೇರಿ ಆದ ಸಿಲ್ವರ್ ಸಲ್ಫೈಡ್. ಉಜ್ಜಿದರೆ ಕಪ್ಪಿನ ಜೊತೆಗೆ ಅಚ್ಚಿನ ನಯವೂ ಹೋಗುತ್ತದೆ. ಬೆಳ್ಳಿಯ ಬೆಲೆ ಉಳಿದೀತು, ಮೂರನೆಯ ಬೆಲೆ ಉಳಿಯದು.